ಚಾಡಿ ಹೇಳುವ ಗಾಜು

"ಬೇಗ ಒಡೆಯೋ ಗಾಜು ಇದೆಯಾ?"

ಅಂಗಡಿಯ ಮೆಟ್ಟಿಲು ಹತ್ತಿ ಬಂದವಳು ಕೇಳಿದ ಮೊದಲ ಮಾತೇ ಇದು. ಗಾಜಿನವನು ಮೇಜಿನ ಮೇಲೆ ಆಳೆತ್ತರದ ಗಾಜೊಂದನ್ನು ಮಲಗಿಸಿಕೊಂಡು ಕಟರ್‌ನಿಂದ ಗೆರೆ ಎಳೆಯುತ್ತಿದ್ದ. ಗೆರೆ ಅರ್ಧದಲ್ಲಿದ್ದಾಗ ಕೈ ನಿಂತರೆ ಗಾಜು ಕೆಟ್ಟಿತೆಂದೇ ಅರ್ಥ. ಹಾಗಾಗಿ ಅವನು ತಲೆಯೆತ್ತಲಿಲ್ಲ. ಗೆರೆಯನ್ನು ಕೊನೆ ಮುಟ್ಟಿಸಿ, ಗಾಜನ್ನು ಮೇಜಿನ ಅಂಚಿಗೆ ಸರಿಸಿ, ಅಂಗೈಯಿಂದ ಒಂದು ಸಣ್ಣ ಏಟು ಕೊಟ್ಟು ಎರಡು ಮಾಡಿದ. ಆಮೇಲೆ ಅವಳನ್ನು ನೋಡಿದ.

"ಯಾರು ಕಳಿಸಿದ್ದು ನಿಮ್ಮನ್ನ?"

"ಯಾರೂ ಕಳಿಸಿಲ್ಲ. ನಾನೇ ಬಂದೆ."

"ಮೇಲಿನ ತಿರುವಿನ ಮನೆಯೋರ ಕಡೆಯೋರಾ? ನೋಡಿ ಮೇಡಂ, ಅವರ ಕಿಟಕಿಗೆ ನಾನು ಹಾಕಿದ್ದು ಒಳ್ಳೇ ಗಾಜೇ. ಎರಡೇ ದಿನಕ್ಕೆ ಅಡ್ಡಡ್ಡ ಸೀಳಿತು ಅಂದ್ರೆ ಅದು ನನ್ನ ತಪ್ಪಲ್ಲ. ಅದನ್ನ ಹೀಗೆ ಕುಟುಕಿ ಹೇಳೋಕೆ ಒಬ್ಬರನ್ನ ಬೇರೆ ಕಳಿಸಬೇಕಾ?"

ಅವಳಿಗೆ ನಗು ತಡೆಯಲಾಗಲಿಲ್ಲ. ನಕ್ಕರೆ ಇನ್ನೂ ಸಿಟ್ಟಾದಾನೆಂದು ತುಟಿ ಕಚ್ಚಿಕೊಂಡಳು. ಅದನ್ನೂ ಅವನು ನೋಡಿದ.

"ನಾನು ನಿಜವಾಗಲೂ ಕೇಳ್ತಿದ್ದೀನಿ. ತೆಳ್ಳಗಿರಬೇಕು, ಹಳೆ ಫೋಟೋಗೆ ಹಾಕ್ತಿದ್ರಲ್ಲ, ಅಂಥದ್ದು. ಬೆರಳುದ್ದದ ಪಟ್ಟಿ, ನಾಲ್ಕೂ ಮೂಲೆ ಚೌಕ. ನನ್ನ ಕೆಲಸ ಬಿರುಕು ಅಳೆಯೋದು. ಸೇತುವೆ, ಸುರಂಗ, ಹಳೆ ಕಟ್ಟಡ. ಬಿರುಕಿನ ಮೇಲೆ ಅಡ್ಡಲಾಗಿ ಗಾಜಿನ ಪಟ್ಟಿ ಇಟ್ಟು ಎರಡೂ ತುದಿಗೆ ಸಿಮೆಂಟು ಮೆತ್ತುತೀವಿ. ಗೋಡೆ ಸುಮ್ಮನಿದ್ರೆ ಗಾಜೂ ಸುಮ್ಮನಿರತ್ತೆ. ಗೋಡೆ ಕೂದಲೆಳೆಯಷ್ಟು ಸರಿದರೂ..."

"ಟಕ್," ಅಂದ ಅವನು.

"ಹೂಂ. ಟಕ್."

ಅವನ ಮುಖದ ಬಿಗಿ ಮೆಲ್ಲಗೆ ಸಡಿಲವಾಯಿತು. "ಹಾಗಾದ್ರೆ ನಿಮಗೆ ಬೇಕಿರೋದು ಗಾಜಲ್ಲ, ಚಾಡಿಕೋರ. ಗೋಡೆ ಕದ್ದು ಏನೋ ಮಾಡತ್ತೆ, ಇವನು ಹೋಗಿ ನಿಮಗೆ ಚಾಡಿ ಹೇಳ್ತಾನೆ."

ಅದು ಹದಿನಾಲ್ಕು ತಿಂಗಳ ಹಿಂದಿನ ಮಾತು. ಆವತ್ತಿನಿಂದ ಆ ಪಟ್ಟಿಗಳಿಗೆ ಅವರಿಬ್ಬರ ನಡುವೆ ಚಾಡಿ ಎಂದೇ ಹೆಸರಾಯಿತು. ಅವಳಿಗೆ ಬಿರುಕಮ್ಮ ಎಂದು.

*

ಆವತ್ತು ಕೊಂಡ ಮೊದಲ ಚಾಡಿ ಹೋದದ್ದು ಅವಳ ಅಕ್ಕನ ಮನೆಯ ಗೋಡೆಗೆ.

ಅಕ್ಕನ ಮನೆ ಅದೇ ಬೀದಿಯಲ್ಲಿ, ಗುಡ್ಡದ ಇಳಿಜಾರಿನಲ್ಲಿ ಮೂರು ತಿರುವು ಮೇಲಕ್ಕೆ. ಕೆಳಗೆ ಎರಡು ಕೋಣೆ, ಮೇಲೆ ಉದ್ದನೆಯ ಹಾಲ್. ಹಾಲಿನಲ್ಲಿ ಹನ್ನೊಂದು ಹೊಲಿಗೆ ಮಷೀನು. ಅಕ್ಕ ಅಲ್ಲಿ ಕ್ಲಾಸು ನಡೆಸುತ್ತಾಳೆ. ಅಮ್ಮ ಹೋದಾಗ ಇವಳಿಗೆ ಒಂಬತ್ತು ವರ್ಷ, ಅಕ್ಕನಿಗೆ ಹತ್ತೊಂಬತ್ತು. ಅಲ್ಲಿಂದ ಇಂಜಿನಿಯರಿಂಗ್ ಮುಗಿಯುವವರೆಗೆ ಇವಳನ್ನು ಓದಿಸಿದ್ದು ಅಕ್ಕನ ಕಾಲ ಕೆಳಗಿನ ಪೆಡಲು. ಭಾವ ಮನೆ ಕಟ್ಟಿಸಿ ನಾಲ್ಕು ವರ್ಷಕ್ಕೆ ತೀರಿಕೊಂಡ. ಈಗ ಮನೆಯಲ್ಲಿ ಅಕ್ಕ, ಅಕ್ಕನ ಅತ್ತೆ, ಮತ್ತು ಮೆಟ್ಟಿಲ ಪಕ್ಕದ ಗೋಡೆಯಲ್ಲಿ ನೆಲದಿಂದ ಚಾವಣಿಗೆ ಓರೆಯಾಗಿ ಹತ್ತಿದ ಬಿರುಕು.

ಅವಳ ಕೆಲಸ ಮಹಾನಗರದಲ್ಲಿ, ಬಸ್ಸಿನಲ್ಲಿ ಏಳು ಗಂಟೆಯ ದೂರ. ತಿಂಗಳಿಗೊಮ್ಮೆ ಬರುತ್ತಿದ್ದಳು. ಉಳಿದ ಭಾನುವಾರಗಳಲ್ಲಿ ಫೋನು.

"ಅಕ್ಕಾ, ಗಾಜು?"

"ಸರಿ ಇದೆ ಕಣೇ. ಮೊದಲು ಊಟ ಆಯ್ತಾ ಅಂತ ಕೇಳು, ಆಮೇಲೆ ಗಾಜು ಕೇಳು."

ಊರಿಗೆ ಬಂದಾಗಲೆಲ್ಲ ಬಸ್ಸಿಳಿದವಳು ಮೊದಲು ಹೋಗುತ್ತಿದ್ದದ್ದು ಅಕ್ಕನ ಮನೆಗಲ್ಲ ಎಂಬುದನ್ನು ಅಕ್ಕ ಬೇಗನೆ ಪತ್ತೆಹಚ್ಚಿದಳು. "ಬಸ್ಸು ಹತ್ತಕ್ಕೆ ಬರತ್ತೆ, ನೀನು ಹನ್ನೊಂದೂವರೆಗೆ ಬರ್ತೀಯ. ಮೂರು ತಿರುವು ಹತ್ತೋಕೆ ಒಂದೂವರೆ ಗಂಟೆನಾ? ಮಂಡಿ ನೋವಾ?"

ಮಂಡಿಯದ್ದೇನೂ ತಪ್ಪಿರಲಿಲ್ಲ. ಗಾಜಿನವನು ಪಟ್ಟಿಗಳನ್ನು ಒಂದೊಂದಾಗಿ ಕತ್ತರಿಸುತ್ತಿದ್ದ, ಬೇಕೆಂದೇ ನಿಧಾನವಾಗಿ. ಅವಳು ಅವನ ಬೆರಳುಗಳ ಮೇಲಿನ ಪ್ಲಾಸ್ಟರ್ ಎಣಿಸುತ್ತಿದ್ದಳು. ಗಾಜಿನ ಅಂಚು ನೇರ ಇದೆಯೇ ಎಂದು ಅವನು ಅದನ್ನು ಕಣ್ಣ ಮಟ್ಟಕ್ಕೆ ಎತ್ತಿ ಹಿಡಿದಾಗ, ತಿಳಿಹಸಿರು ಅಂಚಿನ ಆಚೆಯಿಂದ ಆ ಕಣ್ಣು ಗಾಜನ್ನು ಬಿಟ್ಟು ಬೇರೇನನ್ನೋ ನೋಡುತ್ತಿರುತ್ತಿತ್ತು.

"ನೇರ ಇದೆಯಾ?" ಎಂದು ಅವಳು ಕೇಳುವಳು.

"ಇನ್ನೂ ನೋಡ್ತಿದ್ದೀನಿ."

ಒಮ್ಮೆ ಅವಳು ಪಟ್ಟಿಯೊಂದನ್ನು ಬೆಳಕಿಗೆ ಹಿಡಿದು ಚೆನ್ನಾಗಿದೆ ಅಂದಾಗ ಅವನು ತಲೆಯಲ್ಲಾಡಿಸಿದ. "ಕಣ್ಣು ಮೋಸಹೋಗತ್ತೆ ಬಿರುಕಮ್ಮ. ಗಾಜನ್ನ ಕೈಯಲ್ಲಿ ನೋಡ್ಬೇಕು." ಅವಳ ಹೆಬ್ಬೆರಳನ್ನು ಹಿಡಿದು ಅಂಚಿನುದ್ದಕ್ಕೂ ಮೆಲ್ಲಗೆ ಸರಿಸಿದ. ಒಂದು ಕಡೆ ಸಾಸಿವೆಯಷ್ಟು ತಗ್ಗು. "ಸಿಕ್ತಾ?" ಸಿಕ್ಕಿತ್ತು. ತಗ್ಗು ದಾಟಿದ ಮೇಲೂ ಅವನು ಬೆರಳು ಬಿಡಲಿಲ್ಲ, ಅವಳೂ ಎಳೆದುಕೊಳ್ಳಲಿಲ್ಲ.

ಚಾಡಿಗಳನ್ನು ಹಳೇ ಪೇಪರಿನಲ್ಲಿ ಸುತ್ತಿ ಕೊಡುತ್ತಿದ್ದ. ಒಂದು ಸಲ ಬಿಚ್ಚಿದರೆ ಆ ಊರಿನ ಪುರಸಭೆಯ ಜಾಹೀರಾತು: ಕಟ್ಟಡ ಪರಿಶೀಲನೆಯ ಇಂಜಿನಿಯರ್ ಬೇಕಾಗಿದ್ದಾರೆ. ಮುಂದಿನ ತಿಂಗಳೂ ಅದೇ ಪುಟ ಮೇಲೆ ಬಂತು.

"ಇದೇನಿದು?"

"ಪೇಪರು."

"ಎರಡು ಸಲ ಇದೇ ಪೇಪರಾ?"

"ಆ ಸೀಟಿಗೆ ಯಾರೂ ಬರ್ತಿಲ್ವಂತೆ. ಪೇಪರಿನೋರು ಪಾಪ ಹಾಕ್ತಾನೇ ಇದ್ದಾರೆ. ನಾನೇನು ಮಾಡ್ಲಿ?" ಎಂದು ಅವನು ಕಟರ್ ಒರೆಸತೊಡಗಿದ. ಅದು ಆಗಲೇ ಫಳಫಳ ಹೊಳೆಯುತ್ತಿತ್ತು.

*

ಆರು ತಿಂಗಳ ಹಿಂದೆ ಅಣೆಕಟ್ಟಿನ ಮಾತು ಬಂತು.

ಸಮುದ್ರದಾಚೆ, ಎರಡು ಬೆಟ್ಟಗಳ ನಡುವೆ ಏಳುತ್ತಿರುವ ಗೋಡೆ. ಅದರ ಮೈಯಲ್ಲಿ ಸಾವಿರಾರು ಅಳತೆಯ ಉಪಕರಣ. ಆ ತಂಡದ ಮುಖ್ಯಸ್ಥೆಯಾಗಿ ಮೂರು ವರ್ಷ. ಒಂಬತ್ತು ವರ್ಷದಿಂದ ಬೇರೆಯವರ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಸಹಿ ಹಾಕುತ್ತಾ ಬಂದವಳಿಗೆ ಇದು ಸಣ್ಣ ವಿಷಯವಲ್ಲ. ಇಂಥ ಬಾಗಿಲು ಇನ್ನೊಂದು ಸಲ ತೆರೆಯುವುದಿಲ್ಲ ಎಂದು ಅವಳ ಮೇಲಧಿಕಾರಿ ಬಾಯಿಬಿಟ್ಟೇ ಹೇಳಿದರು.

ಊರಿಗೆ ಬಂದು ಅಕ್ಕನ ಎದುರು, ಗಾಜಿನವನ ಎದುರು ಒಂದೇ ಮಾತು ಹೇಳಿದಳು. ಅವನು ಆ ದಿನ ಅಕ್ಕನ ಮನೆಗೆ ಕಿಟಕಿಯ ಗಾಜು ಹಾಕಲು ಬಂದಿದ್ದ. ಅದೂ ತಾನಾಗಿಯೇ ಸೀಳಿತ್ತು.

"ಗಾಜು ಹೇಳಿದ ಹಾಗೆ ಕೇಳ್ತೀನಿ. ಚಾಡಿ ಹೀಗೇ ಇದ್ರೆ ಮನೆ ಗಟ್ಟಿ ಅಂತ ಅರ್ಥ, ನಾನು ಹೋಗ್ತೀನಿ. ಒಡೀತು ಅಂದ್ರೆ ಅಣೆಕಟ್ಟೂ ಬೇಡ, ಏನೂ ಬೇಡ. ಇಲ್ಲೇ ಬಂದು ಇರ್ತೀನಿ."

ಅವಳಿಗೆ ಅದು ನ್ಯಾಯವಾದ ಮಾತು ಅನ್ನಿಸಿತ್ತು. ಮನಸ್ಸು ಎರಡು ಕಡೆ ಎಳೆಯುವಾಗ ಗಾಜಿಗೆ ವಹಿಸುವುದು ಮೇಲಲ್ಲವೇ? ಅಕ್ಕ ಸೂಜಿಗೆ ದಾರ ಪೋಣಿಸಿದಳು. ಗಾಜಿನವನು ಕಿಟಕಿಯ ಕಡೆಗೆ ತಿರುಗಿಕೊಂಡ.

ಆಮೇಲಿನ ತಿಂಗಳುಗಳಲ್ಲಿ ಪೇಪರಿನ ಮೇಲೆ ಆ ಜಾಹೀರಾತು ಬರಲಿಲ್ಲ. ಅಂಗಡಿಯಲ್ಲಿ ಬಾಗಿಲ ಬಳಿ ಇರುತ್ತಿದ್ದ ದೊಡ್ಡ ನಿಲುಗನ್ನಡಿ ಹಿಂದಿನ ಗೋಡೆಗೆ ಹೋಯಿತು. "ಯಾಕೆ ಅಲ್ಲಿ?" ಎಂದರೆ, "ಜಾಗ ಸಾಲದು," ಅಂದ. ಮಾತು ಕಡಿಮೆಯಾಯಿತು. ಮೊದಲೆಲ್ಲ ಗಾಜಿನ ಆಚೆಯಿಂದ ತುಂಟತನದಲ್ಲಿ ನೋಡುತ್ತಿದ್ದ ಕಣ್ಣು ಈಗ ಏನನ್ನೋ ಹೇಳಬೇಕೆಂದು ಬಾಗಿಲವರೆಗೆ ಬಂದು ವಾಪಸ್ಸು ಹೋಗುತ್ತಿತ್ತು. ತಾನು ಹೊರಡುವುದಕ್ಕೆ ಬೇಜಾರು ಎಂದು ಅವಳು ಅರ್ಥಮಾಡಿಕೊಂಡಳು. ಅರ್ಥಮಾಡಿಕೊಂಡು, ಸುಳ್ಳೇಕೆ, ಸ್ವಲ್ಪ ಖುಷಿಯೂ ಪಟ್ಟಳು.

ಹನ್ನೆರಡು ದಿನದ ಹಿಂದೆ ಅವನಿಂದ ಮೆಸೇಜ್ ಬಂತು: ಗಾಜು ರೆಡಿ ಇದೆ. ಬಂದು ತಗೊಂಡು ಹೋಗಿ.

ಅವಳು ಗಾಜು ಬೇಕೆಂದು ಹೇಳಿಯೇ ಇರಲಿಲ್ಲ. ಕನ್ನಡಿಯ ಮುಂದೆ ನಿಂತು ಆ ಮೆಸೇಜನ್ನು ಮೂರು ಸಲ ಓದಿಕೊಂಡಳು. ನಾಲ್ಕು ದಿನ ಬಿಟ್ಟು ಇನ್ನೊಂದು: ಗಾಜು ರೆಡಿ ಇದೆ. ಬೇಗ ಬನ್ನಿ. ಇಷ್ಟು ದಿನ ಬಾಯಿಬಿಡದವನು ಕೊನೆಗೂ ಬಾಯಿಬಿಡುತ್ತಾನೆಂದು ಅವಳ ಎದೆ ಹಗುರಾಗಿ ಕುಣಿಯಿತು. ಆದರೆ ಕೈಯಲ್ಲಿದ್ದ ಸೇತುವೆಯ ವರದಿ ಬಿಡಲಿಲ್ಲ. ಅಂತೂ ಶುಕ್ರವಾರ ಬೆಳಗಿನ ಬಸ್ಸು ಹತ್ತಿದಳು. ಅಣೆಕಟ್ಟಿನವರಿಗೆ ಉತ್ತರ ಕೊಡಬೇಕಾದ ಕೊನೆಯ ದಿನವೂ ಅದೇ. ಸಂಜೆ ಐದಕ್ಕೆ ಅವರ ಫೋನು ಬರುತ್ತದೆ. ಹೂಂ ಅನ್ನುವುದೊಂದೇ ಬಾಕಿ.

*

"ಎಲ್ಲಿ ನನ್ನ ಗಾಜು?"

ಅವನು ಮೇಜಿನ ಹಿಂದೆ ನಿಂತಿದ್ದ. ಗಡ್ಡ ಬಿಟ್ಟಿದ್ದ. ಮೇಜಿನ ಮೇಲೆ ಗಾಜಿನ ಚೂರೂ ಇರಲಿಲ್ಲ.

"ಇಲ್ಲಿಲ್ಲ. ನಿಮ್ಮಕ್ಕನ ಮನೇಲಿದೆ."

"ಅಂದ್ರೆ?"

ಅವನು ಖಾಲಿ ಮೇಜನ್ನೇ ಬಟ್ಟೆಯಿಂದ ಒರೆಸಿದ. ಕಡೆಗೆ ಇಷ್ಟೇ ಅಂದ: "ನಾನೊಬ್ಬರಿಗೆ ಮಾತು ಕೊಟ್ಟಿದ್ದೀನಿ ಬಿರುಕಮ್ಮ. ಬಾಯಲ್ಲಿ ಹೇಳೋ ಹಾಗಿಲ್ಲ. ಹೋಗಿ ಆ ಚಾಡಿ ನೋಡಿ. ಕಣ್ಣಲ್ಲಿ ಬೇಡ. ಕೈಯಲ್ಲಿ ನೋಡಿ."

ಇದು ತಾನು ಏಳು ಗಂಟೆ ಬಸ್ಸಿನಲ್ಲಿ ಕೂತು ಕಲ್ಪಿಸಿಕೊಂಡ ಮಾತಲ್ಲ. ಅವನ ಮುಖ ನೋಡಿದವಳಿಗೆ ತಮಾಷೆಯೂ ಬರಲಿಲ್ಲ. ಮೂರು ತಿರುವನ್ನು ಅವಳು ಆವತ್ತು ನಾಲ್ಕೇ ನಿಮಿಷದಲ್ಲಿ ಹತ್ತಿದಳು.

ದಾರಿಯುದ್ದಕ್ಕೂ ಕಿಟಕಿಗಳು. ಹತ್ತರಲ್ಲಿ ನಾಲ್ಕಕ್ಕೆ ರಟ್ಟು ಬಡಿದಿದ್ದರು. ಇಷ್ಟು ದಿನ ಇದು ಕಣ್ಣಿಗೆ ಹೇಗೆ ಬೀಳಲಿಲ್ಲ?

"ಬಂದ್ಲು ನೋಡಮ್ಮ, ಅಣೆಕಟ್ಟಿನ ದೊರೆಸಾನಿ!" ಕಿಟಕಿ ಪಕ್ಕದ ಮಂಚದಿಂದಲೇ ಅಕ್ಕನ ಅತ್ತೆಯ ದನಿ. "ಒದ್ದು ತೆಗಿ ಆ ಬಾಗಿಲು, ಕೈಯಲ್ಲಿ ತೆಗೆಯೋಕಾಗಲ್ಲ. ಹದಿನೈದು ದಿನದಿಂದ ಬಿಗಿದುಕೊಂಡು ಕೂತಿದೆ. ನಿಮ್ಮಕ್ಕನ ಮುಖದ ಹಾಗೆ."

"ಯಾಕತ್ತೆ, ಅಕ್ಕನಿಗೇನಾಯ್ತು?"

"ನನ್ನ ಕೇಳಿದ್ರೆ? ನನಗೆ ಈ ಮನೇಲಿ ಕಿವಿ ಮಂದ ಅಂತ ಬಿರುದು ಕೊಟ್ಟಿದ್ದಾರೆ. ಮಧ್ಯಾಹ್ನ ಮಲಗಿದ್ರೆ ಗೋಡೆ ಹಲ್ಲು ಕಡಿಯತ್ತೆ ಅಂದೆ. ಕಿವುಡಿಗೆ ಹೇಗೆ ಕೇಳಿಸ್ತು ಅಂತ ನಗ್ತಾಳೆ. ಹಾಸಿಗೆಯಿಂದ ಬೆನ್ನಿಗೆ ಬರತ್ತೆ ಕಣೇ ಸದ್ದು, ಕಿವಿಗಲ್ಲ."

ಮೇಲಿನ ಹಾಲಿನಲ್ಲಿ ಹನ್ನೊಂದು ಮಷೀನೂ ಗಡಗಡ ಓಡುತ್ತಿದ್ದವು. ಹುಡುಗಿಯರ ನಗು. ಯಾರದೋ ಕೈಯಿಂದ ದಾರದುಂಡೆ ಬಿದ್ದು ಮೆಟ್ಟಿಲಿಳಿದು ಬಂತು. ಅವಳು ನೋಡುತ್ತಿದ್ದಂತೆ ಅದು ನೆಲದ ಮೇಲೆ ನಿಲ್ಲದೆ, ಯಾರೋ ಕರೆದಂತೆ, ನೇರವಾಗಿ ಹಿಂಬದಿಯ ಮೂಲೆಗೆ ಉರುಳಿ ಹೋಗಿ ಗೋಡೆಗೆ ಒರಗಿತು. ಆ ಮೂಲೆಯಲ್ಲಿ ಆಗಲೇ ಐದಾರು ಉಂಡೆಗಳಿದ್ದವು.

ಅವಳು ಮೆಟ್ಟಿಲ ಪಕ್ಕದ ಗೋಡೆಗೆ ಹೋದಳು. ಬಿರುಕಿನ ಮೇಲೆ ಗಾಜು ಇತ್ತು. ಇಡಿಯಾಗಿ, ಸೊಗಸಾಗಿ, ಕೆಳಗಿನ ಸಿಮೆಂಟಿನಲ್ಲಿ ಹದಿನಾಲ್ಕು ತಿಂಗಳ ಹಿಂದಿನ ತಾರೀಖು. ಕಣ್ಣಿಗೆ ಎಲ್ಲವೂ ಸರಿ ಇತ್ತು.

ಹೆಬ್ಬೆರಳಿಟ್ಟಳು.

ಗಾಜಿನ ಮೂಲೆಗಳು ಸಿಮೆಂಟಿನಿಂದ ಅಷ್ಟಿಷ್ಟು ಹೊರಗೆ ಇಣುಕುತ್ತಿದ್ದವು. ಮೇಲಿನ ಎಡ ಮೂಲೆ ಇಲ್ಲ. ಕಾಳಿನಷ್ಟು ಓರೆಯಾಗಿ ಕತ್ತರಿಸಿದೆ, ಕೈತಪ್ಪಿ ಮುರಿದದ್ದಲ್ಲ. ಮೇಲಿನ ಬಲ ಮೂಲೆ, ಅದೂ ಇಲ್ಲ. ಕೆಳಗಿನ ಎಡ ಇಲ್ಲ. ಕೆಳಗಿನ ಬಲ ಮೂಲೆಯೊಂದು ಚೂಪಾಗಿ ಬೆರಳಿಗೆ ಚುಚ್ಚಿತು.

ತಾನು ಅಂಟಿಸಿದ ಗಾಜಿಗೆ ನಾಲ್ಕು ಮೂಲೆ ಇದ್ದವು.

ಇದು ಅವಳ ಗಾಜಲ್ಲ. ಮೂರು ಮೂಲೆ ಇಲ್ಲ ಅಂದರೆ ಒಂದು ಸಲ ಬದಲಾದದ್ದೂ ಅಲ್ಲ.

"ಅಕ್ಕಾ!"

ಆ ಕೂಗಿಗೆ ಮಷೀನುಗಳು ಒಂದೊಂದಾಗಿ ನಿಂತವು. ಅಕ್ಕ ಕೊರಳಿಗೆ ಟೇಪು ಹಾಕಿಕೊಂಡೇ ಇಳಿದು ಬಂದಳು. ತಂಗಿಯ ಬೆರಳು ಎಲ್ಲಿದೆ ಎಂದು ನೋಡಿದಳು. ಅಷ್ಟೇ, ಮುಖ ಬಿಳಿಚಿಕೊಂಡಿತು.

"ಎಷ್ಟು ಸಲ?"

"ಅವನು ಚಾಡಿ ಹೇಳಿದ್ನಾ?"

"ಅವನು ಬಾಯಿಬಿಡಲಿಲ್ಲ. ಗಾಜು ಹೇಳ್ತು. ಎಷ್ಟು ಸಲ ಅಕ್ಕಾ?"

"ಮೂರು." ಅಕ್ಕ ಮೆಟ್ಟಿಲ ಮೇಲೆ ಕುಸಿದು ಕೂತಳು. "ಮಷೀನಿನ ಅದುರಿಗೆ ಒಡೀತೇನೋ ಅಂದುಕೊಂಡೆ ಕಣೇ ಪುಟ್ಟಿ. ಒಡೆದ ಚೂರು ತಗೊಂಡು ಹೋಗಿ, ಇದರ ಅಳತೆಗೇ ಇನ್ನೊಂದು ಕೊಡು ಅಂದೆ. ಯಾರಿಗೂ ಹೇಳಬೇಡ, ನನ್ನ ಮೇಲಾಣೆ ಅಂದೆ. ಸಿಮೆಂಟು ನಾನೇ ಕಲಸಿದೆ, ನಿನ್ನ ಹಾಗೇ ತಾರೀಖು ಬರೆದೆ. ನೀನು ಗಾಜು ಹೇಳಿದ ಹಾಗೆ ಕೇಳ್ತೀನಿ ಅಂದ್ಯಲ್ಲ. ಅದು ಹೋಗು ಅಂತಲೇ ಹೇಳಲಿ ಅಂತ."

"ಇದು ಹರಿದ ಲೈನಿಂಗ್ ಅಲ್ಲಕ್ಕಾ, ಬಿಚ್ಚಿ ಹೊಸದು ಹೊಲಿಯೋಕೆ!"

"ನನಗೆ ಬರೋದು ಅದೊಂದೇ ತಾನೇ?" ಅಕ್ಕನ ದನಿ ಒಡೆಯಿತು. "ಇಪ್ಪತ್ತೆರಡು ವರ್ಷ ನಿನ್ನನ್ನ ಇಲ್ಲಿಂದ ಆಚೆ ಕಳಿಸೋಕೇ ಪೆಡಲು ತುಳಿದೆ. ಒಂದು ಬೆರಳುದ್ದದ ಗಾಜು ನಿನ್ನ ವಾಪಸ್ಸು ಎಳೆದು ತರಬೇಕಾ?"

ಮೇಲಿನಿಂದ ಹನ್ನೊಂದು ತಲೆಗಳು ಬಗ್ಗಿ ನೋಡುತ್ತಿದ್ದವು. ಅವಳು ಆ ತಲೆಗಳನ್ನು ನೋಡಿದಳು, ಗೋಡೆಯನ್ನು ನೋಡಿದಳು.

"ಯಾವಾಗ ಯಾವಾಗ ಒಡೀತು? ತಾರೀಖು ಹೇಳು."

"ಅದೆಲ್ಲ ಎಲ್ಲಿ ನೆನಪಿರತ್ತೆ?"

"ನನಗಿದೆ," ಎಂಬ ದನಿ ಬಾಗಿಲಿನಿಂದ ಬಂತು.

*

ಗಾಜಿನವನು ಓಡಿ ಬಂದಿದ್ದ. ಏದುಸಿರು ಬಿಡುತ್ತಲೇ ಕೈಯಲ್ಲಿದ್ದ ಲಕೋಟೆಯನ್ನು ಅವಳಿಗೆ ಕೊಟ್ಟ. ಒಳಗೆ ಮೂರು ಒಡೆದ ಚಾಡಿಗಳು, ಒಂದೊಂದಕ್ಕೂ ಕಾಗದ ಸುತ್ತಿ ತಾರೀಖು ಬರೆದಿದ್ದ. ಮೊದಲನೆಯದು ಅವಳದೇ, ನಾಲ್ಕು ಮೂಲೆಯದು. ಎರಡನೆಯದಕ್ಕೆ ಒಂದು ಮೂಲೆ ಇಲ್ಲ. ಮೂರನೆಯದಕ್ಕೆ ಎರಡಿಲ್ಲ.

ಅವಳು ಬೆರಳು ಮಡಚಿ ದಿನ ಎಣಿಸಿದಳು. ಮೊದಲ ಗಾಜು ತಿಂಗಳುಗಟ್ಟಲೆ ಗಟ್ಟಿಯಾಗಿ ನಿಂತಿತ್ತು. ಆಮೇಲಿನದು ಅರವತ್ತೆರಡು ದಿನ. ಅದರ ನಂತರದ್ದು ಇಪ್ಪತ್ತೊಂಬತ್ತು. ಈಗ ಗೋಡೆಯ ಮೇಲಿರುವುದಕ್ಕೆ ಇವತ್ತು ಹನ್ನೆರಡು.

ಪ್ರತಿ ಸಲವೂ ಹೆಚ್ಚುಕಡಿಮೆ ಅರ್ಧಕ್ಕರ್ಧ.

"ಎಲ್ಲರೂ ಹೊರಗೆ," ಅಂದಳು. ದನಿ ಏರಿಸಲಿಲ್ಲ. ಆದರೂ ಹುಡುಗಿಯರು ಚಪ್ಪಲಿಯನ್ನೂ ಹುಡುಕದೆ ಇಳಿದರು.

ಅತ್ತೆ ಮಾತ್ರ ಮಂಚ ಬಿಡಲಿಲ್ಲ. "ಮಗ ಕಟ್ಟಿಸಿದ ಮನೆ. ಬಿದ್ರೆ ನನ್ನ ಮೇಲೇ ಬೀಳಲಿ."

"ಬಿದ್ರೆ ಕೆಳಗಿನ ಮನೆಯೋರ ಮೇಲೆ ಬೀಳತ್ತೆ ಅಜ್ಜಿ," ಎಂದ ಗಾಜಿನವನು. "ಅವರ ಹತ್ರ ನಿಮಗೆ ಮಾತು ಬಿಟ್ಟು ಏಳು ವರ್ಷ ಆಯ್ತಂತಲ್ಲ. ಹೋಗೋವಾಗ ಜೊತೆಗೇ ಹೋಗ್ತೀರಾ?"

ಅತ್ತೆ ಒಂದು ಗಳಿಗೆ ಯೋಚಿಸಿದಳು. "ಎತ್ತಿಕೋ," ಅಂದಳು. ಅವನು ಬೆನ್ನ ಮೇಲೆ ಹೊತ್ತು ಇಳಿಸಿದ. "ಗಾಜು ಹಿಡಿದ ಹಾಗೆ ಹಿಡಿ, ಮುರಿದೀಯ," ಎಂದು ಅವಳು ಅವನ ಕಿವಿಯಲ್ಲಿ ಗದರುತ್ತಿದ್ದಳು.

ಒಂದು ಗಂಟೆಯಲ್ಲಿ ಹನ್ನೊಂದು ಮಷೀನೂ ಬೀದಿಗೆ ಬಂದವು. ಬೇಡವೆಂದು ಅವಳು ಎಷ್ಟು ಹೇಳಿದರೂ ಅಕ್ಕ ಕೇಳಲಿಲ್ಲ. ಕೊನೆಯ ಮಷೀನು ಮೆಟ್ಟಿಲಿಳಿಯುವಾಗ ಅವಳು ಗೋಡೆಯ ಕಡೆ ನೋಡಿದಳು. ಮೂರು ಮೂಲೆ ಕತ್ತರಿಸಿದ ಗಾಜು ನಟ್ಟನಡುವೆ ಸೀಳಿತ್ತು. ಯಾವಾಗ ಸೀಳಿತೋ, ಆ ಗದ್ದಲದಲ್ಲಿ ಯಾರಿಗೂ ಕೇಳಿಸಿರಲಿಲ್ಲ.

ಅವಳು ಪುರಸಭೆಗೆ ಫೋನು ಮಾಡಿದಳು. ಗುಡ್ಡ ಸರಿಯುತ್ತಿದೆ, ಮೂರನೇ ತಿರುವು, ಕೂಡಲೇ ಇಂಜಿನಿಯರನ್ನು ಕಳಿಸಿ.

"ಯಾರನ್ನ ಕಳಿಸ್ಲಿ ಮೇಡಂ?" ಆ ಕಡೆಯ ಗುಮಾಸ್ತ ಆಕಳಿಸುತ್ತಾ ಕೇಳಿದ. "ಆ ಸೀಟು ಖಾಲಿ ಬಿದ್ದು ವರ್ಷದ ಮೇಲಾಯ್ತು. ಅರ್ಜಿಗೆ ಇವತ್ತೇ ಕೊನೇ ದಿನ. ಯಾರಾದ್ರೂ ಬಂದ್ರೆ ಕಳಿಸ್ತೀವಿ."

ಫೋನು ಕೈಯಲ್ಲಿ ಹಿಡಿದು ಅವಳು ಬೀದಿಯನ್ನು ನೋಡಿದಳು. ರಟ್ಟು ಬಡಿದ ಕಿಟಕಿಗಳು. ಅವುಗಳ ಹಿಂದೆ ಅಡುಗೆ ಮಾಡುತ್ತಿರುವವರು, ಟಿವಿ ನೋಡುತ್ತಿರುವವರು, ಮಗುವಿಗೆ ಸ್ವೆಟರ್ ಹಾಕುತ್ತಿರುವವರು. ಈ ಬೀದಿಯ ಗಾಜುಗಳೆಲ್ಲ ಹದಿನಾಲ್ಕು ತಿಂಗಳಿಂದ ಚಾಡಿ ಹೇಳುತ್ತಲೇ ಇದ್ದವು. ಕೇಳಿಸಿಕೊಳ್ಳುವ ಕೆಲಸದವರೊಬ್ಬರು ಇರಲಿಲ್ಲ, ಅಷ್ಟೇ.

ಬೀದಿಯಲ್ಲಿದ್ದ ಒಂದು ಮಷೀನಿನ ಮುಂದೆ ಕೂತು ಫೋನಿನಲ್ಲಿ ಅರ್ಜಿ ತೆರೆದಳು. ಹೆಸರು, ಓದು, ಅನುಭವ. ಅಕ್ಕ ಬಂದು ಹೆಗಲ ಮೇಲಿಂದ ನೋಡಿದಳು.

"ಬೇಡ ಪುಟ್ಟಿ. ನನ್ನಿಂದ ನಿನ್ನ ಬಾಳು ಅರ್ಧಕ್ಕೆ ನಿಂತಿತು ಅಂತ ಆಗಬಾರದು."

"ನಿನ್ನಿಂದ ಅಲ್ಲ."

"ಮತ್ತೆ ಯಾರಿಂದ? ಅವನಿಂದಾನಾ?"

"ಅಕ್ಕಾ, ಆ ಅಣೆಕಟ್ಟನ್ನ ಅಳೆಯೋಕೆ ನಾನಿಲ್ಲ ಅಂದ್ರೆ ಇನ್ನೊಬ್ಬರು ನಾಳೆಯೇ ಬರ್ತಾರೆ. ಇಲ್ಲಿಗೆ ವರ್ಷದಿಂದ ಯಾರೂ ಬಂದಿಲ್ಲ." ಆ ಎರಡು ಬೆಟ್ಟಗಳ ನಡುವಿನ ಗೋಡೆಯನ್ನು ಅವಳು ಚಿತ್ರದಲ್ಲಿ ಎಷ್ಟು ಸಲ ನೋಡಿದ್ದಳೆಂದರೆ ಕಣ್ಣು ಮುಚ್ಚಿದರೆ ಅದರ ಒಂದೊಂದು ಸಾಲೂ ಕಾಣುತ್ತಿತ್ತು. "ಆಸೆ ಇಲ್ಲ ಅಂತಲ್ಲ. ಇದೆ. ಇದ್ದೇ ಇರತ್ತೆ. ಒಂದು ಫೋಟೋ ಬೇಕಂತೆ, ತೆಗಿ."

ಅಕ್ಕ ಮುಂದೆ ಬಂದು, ತಂಗಿಯ ಕೂದಲ ಮೇಲಿನ ಸುಣ್ಣದ ಪುಡಿ ಕೊಡವಿ, ಕಾಲರಿನ ಎರಡೂ ತುದಿಯನ್ನು ಒಂದೇ ಅಳತೆಗೆ ಎಳೆದು ಸರಿಮಾಡಿದಳು.

"ನೆಟ್ಟಗೆ ಕೂತ್ಕೋ," ಅಂದಳು.

*

ಪಕ್ಕದ ಮನೆಗಳಿಗೆಲ್ಲ ಇವತ್ತೇ ಗಾಜು ಅಂಟಿಸಬೇಕಿತ್ತು. ಅದಕ್ಕೆ ಅವಳು ಅಂಗಡಿಗೆ ಬಂದಳು. ಅವನು ಪಟ್ಟಿ ಕತ್ತರಿಸುತ್ತಿದ್ದ. ಗಂಟೆ ಐದಾಗಲು ಹತ್ತು ನಿಮಿಷ.

"ಅವರೆಲ್ಲ ಸತ್ತುಹೋಗ್ತಿದ್ರು," ಅಂದಳು ಅವಳು.

"ಹೂಂ."

"ಬರೀ ಹೂಂ?"

ಕಟರ್ ಕೆಳಗಿಟ್ಟ. "ಗಾಜು ಒಡೆಯೋದು ಅಂದ್ರೆ ನನಗೆ ದಿನಾ ನೋಡೋ ವಿಷಯ. ಮೊದಲೆರಡು ಸಲ ಹೆದರಿಕೆ ಆಗ್ಲಿಲ್ಲ. ಮೂರನೇ ಸಲ ನಿಮ್ಮಕ್ಕ ಬಂದು ಹೋದ ಕೂಡಲೇ ಮೆಸೇಜ್ ಹಾಕಿದೆ. ನೀವು ಬರ್ಲಿಲ್ಲ. ಆಗಲೇ ಫೋನ್ ಮಾಡಿ ಕೂಗಿ ಹೇಳ್ಬೇಕಿತ್ತು. ಆಣೆ ಅಂತ ಸುಮ್ಮನಾದೆ. ತಪ್ಪು. ಬೈರಿ."

"ಆಣೆ ಒಂದೇ ಕಾರಣನಾ?"

ಅವನು ಅವಳನ್ನು ನೋಡಿದ. ಗಾಜಿನ ಆಚೆಯಿಂದಲ್ಲ, ನೇರವಾಗಿ. "ಹೇಳಿದ್ರೆ ನೀವು ಇಲ್ಲೇ ಉಳೀತಿದ್ರಿ. ನನಗೆ ಬೇಕಿದ್ದದ್ದೂ ಅದೇ. ಹಾಗಿರೋವಾಗ ನಾನು ಹೇಳೋ ಮಾತು ನಿಮ್ಮಕ್ಕನಿಗೋಸ್ಕರನೋ, ನನಗೋಸ್ಕರನೋ? ನನ್ನ ಬಾಯಿ ಮೇಲೆ ನನಗೇ ನಂಬಿಕೆ ಬರ್ಲಿಲ್ಲ. ಅದಕ್ಕೇ ಮೂಲೆ ಕತ್ತರಿಸಿದೆ."

ಅವಳು ಕಣ್ಣು ತಪ್ಪಿಸಲು ಹಿಂದಿನ ಗೋಡೆಯ ನಿಲುಗನ್ನಡಿಯ ಕಡೆ ತಿರುಗಿದಳು. ಅದರಲ್ಲಿ ಅವರಿಬ್ಬರೂ ಇದ್ದರು, ಮೇಜೂ ಇತ್ತು. ಎಲ್ಲವೂ ಒಂದು ಪಕ್ಕಕ್ಕೆ ಅಷ್ಟೇ ಅಷ್ಟು ವಾಲಿತ್ತು.

"ಕನ್ನಡಿ ಯಾಕೆ ಓರೆಯಾಗಿದೆ?"

ಅವನು ಮತ್ತೆ ಕಟರ್ ಕೈಗೆತ್ತಿಕೊಂಡ.

ಅವಳು ಹೋಗಿ ಕನ್ನಡಿಯ ಅಂಚು ಹಿಡಿದು ಪಕ್ಕಕ್ಕೆ ಸರಿಸಿದಳು. ಹಿಂದೆ ಬಿರುಕು. ಚಾವಣಿಯಿಂದ ನೆಲಕ್ಕೆ, ಅಕ್ಕನ ಮನೆಯದೇ ಓರೆಯಲ್ಲಿ, ಅದೇ ಬಿರುಕು ಮೂರು ತಿರುವು ಇಳಿದು ಬಂದಂತೆ. ಅದರ ನಡುವೆ, ಒರಟು ಸಿಮೆಂಟಿನಲ್ಲಿ, ಒಂದು ಚಾಡಿ. ನಾಲ್ಕೂ ಮೂಲೆ ಇತ್ತು. ಒಡೆದಿರಲಿಲ್ಲ. ಕೆಳಗೆ ತಾರೀಖು: ಆರು ತಿಂಗಳ ಹಿಂದೆ ಅವಳು ಅಣೆಕಟ್ಟಿನ ಸುದ್ದಿ ಹೇಳಿದ ದಿನ.

"ಇದು ಯಾರು ಹಾಕಿದ್ದು?"

"ನಾನೇ. ನಿಮ್ಮನ್ನ ನೋಡಿ ಕಲಿತೆ. ನೀವು ಗಾಜಿಗೆ ವಹಿಸಿದ್ರಿ. ನಾನೂ ವಹಿಸಿದೆ. ಇದು ಒಡೆದ್ರೆ ನಿಮಗೊಂದು ಮಾತು ಹೇಳ್ಬೇಕು, ಇಲ್ಲದಿದ್ರೆ ಹೇಳ್ಬಾರ್ದು ಅಂತ."

"ಯಾವ ಮಾತು?"

"ಒಡೆದಿಲ್ವಲ್ಲ."

"ಆರು ತಿಂಗಳು ಬಿರುಕಿಗೆ ಬೆನ್ನು ಕೊಟ್ಟುಕೊಂಡು ಕೂತಿದ್ರಾ, ಒಂದು ಮಾತಿಗೋಸ್ಕರ? ನಿಮ್ಮಂಥ ದಡ್ಡರನ್ನ..."

ಟಕ್.

ಎಷ್ಟು ಸಣ್ಣ ಸದ್ದು! ಕಡ್ಡಿಪೆಟ್ಟಿಗೆ ಮುಚ್ಚಿದಷ್ಟು. ಆದರೆ ಇಬ್ಬರಿಗೂ ಬೇರೇನೂ ಕೇಳಿಸಲಿಲ್ಲ. ನಾಲ್ಕು ಮೂಲೆಯ ಗಾಜು ನಡುವೆ ಎರಡಾಯಿತು. ಆ ಸೀಳಿನಿಂದ ಚಿಟಿಕೆ ಸುಣ್ಣದ ಪುಡಿ ನಿಧಾನವಾಗಿ ಉದುರಿತು. ಕಪಾಟಿನಲ್ಲಿ ನಿಲ್ಲಿಸಿದ್ದ ಗಾಜುಗಳೆಲ್ಲ ಒಮ್ಮೆ ಸಣ್ಣಗೆ ಅದುರಿ ಸುಮ್ಮನಾದವು.

ಅವನು ಅವಳನ್ನೇ ನೋಡುತ್ತಿದ್ದ.

"ಹೋಗಬೇಡ," ಅಂದ.

ಹದಿನಾಲ್ಕು ತಿಂಗಳಲ್ಲಿ ಮೊದಲ ಸಲ, ಬೇಡಿ ಅಲ್ಲ, ಬೇಡ.

ಅವಳು ಅವನ ಮಣಿಕಟ್ಟು ಹಿಡಿದು ಎಳೆದಳು. ಕತ್ತರಿಸಿದ ಚಾಡಿಗಳನ್ನು ಇನ್ನೊಂದು ಕೈಯಲ್ಲಿ ಬಾಚಿಕೊಂಡಳು. ಇಬ್ಬರೂ ಮೆಟ್ಟಿಲಿಳಿದು ಬೀದಿಯ ಆ ಬದಿಗೆ ಓಡಿ ನಿಂತರು. ಅಂಗಡಿ ನಿಂತೇ ಇತ್ತು. ಒಳಗೆ ಎಲ್ಲೋ ಒಂದು ಗಾಜು ಜಾರಿ ಬಿದ್ದು ಚೂರಾದ ಸದ್ದು, ಅದರ ಹಿಂದೆ ಇನ್ನೊಂದು.

"ಯಾರಿಗೆ ಹೇಳಿದ್ದು ಆ ಮಾತು? ಗಾಜಿಗಾ, ನನಗಾ?" ಏದುಸಿರಿನಲ್ಲೇ ಕೇಳಿದಳು.

"ನಿನಗೆ."

"ಅರ್ಜಿ ಹಾಕಿ ಒಂದು ಗಂಟೆ ಆಯ್ತು. ಸ್ವಲ್ಪ ಬೇಗ ಒಡೆಯೋ ಗಾಜು ಹಾಕೋಕೆ ಆಗ್ತಿರ್ಲಿಲ್ವಾ ನಿನಗೆ?"

ಅವಳ ಜೇಬಿನಲ್ಲಿ ಫೋನು ಹೊಡೆದುಕೊಳ್ಳತೊಡಗಿತು. ಐದು ಗಂಟೆ. ಸಮುದ್ರದಾಚೆಯ ನಂಬರು. ಅವಳು ಅದನ್ನು ನಾಲ್ಕು ರಿಂಗಿನವರೆಗೆ ನೋಡಿದಳು. ಆ ಎರಡು ಬೆಟ್ಟಗಳ ನಡುವಿನ ಗೋಡೆಯನ್ನು ಕೊನೆ ಸಲ ಕಣ್ತುಂಬಿಕೊಳ್ಳುವವಳಂತೆ ನೋಡಿ, ಕಿವಿಗಿಟ್ಟು, "ನಾನು ಬರ್ತಿಲ್ಲ," ಅಂದಳು.

ಮೇಲಿನ ತಿರುವಿನಲ್ಲಿ ಯಾರದೋ ಕಿಟಕಿ ತಾನಾಗಿ ಸೀಳಿತು. ಅದರ ಹಿಂದೆ ದೀಪ ಹತ್ತಿತ್ತು, ಯಾರೋ ಊಟಕ್ಕೆ ತಟ್ಟೆ ಇಡುತ್ತಿದ್ದರು.

"ಆ ಮನೆ ಮೊದಲು," ಅಂದಳು. ಚಾಡಿಗಳನ್ನು ಅವನ ಕೈಗೆ ಕೊಟ್ಟಳು. ಆದರೆ ಮಣಿಕಟ್ಟು ಬಿಡಲಿಲ್ಲ.